ದ್ವೀಪದ ಸ್ಥಳನಾಮ ದಾಖಲಿಸುವಾಗ: ಪಿನ್ ಒಂದೇ ಸಾಲದು

ಎರಡು ಕಿಲೋಮೀಟರ್ ಉದ್ದದ ದ್ವೀಪ, ಹಿರಿಯರು ಹೇಳಿದ ಹೆಸರಿಗೆಲ್ಲ ಫೋನಿನಲ್ಲಿ ಪಿನ್ ಹಾಕಿ ಆಮೇಲೆ ಹಳೆ ನಕ್ಷೆಗೆ ಹೊಂದಿಸಿದರೆ ಸಾಕೇ ಅಂತ ಕೇಳಿದ್ದೀರಿ. ಸಾಲದು. ಬಂಡೆಗೆ ಚುಕ್ಕೆ ಸರಿ. ದಡಕ್ಕೆ ಗೆರೆ ಬೇಕು, ಬಯಲಿಗೂ ಮೀನು ಸಿಗುವ ಜಾಗಕ್ಕೂ ಅಂದಾಜಿನ ಸುತ್ತುಗೆರೆ ಬೇಕು. ಪ್ರತಿ ಹೆಸರಿಗೂ "ಎಲ್ಲಿಂದ ಎಲ್ಲಿವರೆಗೆ?" ಅಂತ ಕೇಳಿ.

ಹೆಸರು ಅಚ್ಚಾದ ನಕ್ಷೆಯನ್ನು ಮೊದಲೇ ತೋರಿಸಬೇಡಿ. ಅದರಲ್ಲಿ ಇದ್ದದ್ದಕ್ಕೇ ಜನ ಹೌದು ಅಂದುಬಿಡುತ್ತಾರೆ. ಹೆಸರಿಲ್ಲದ ಉಪಗ್ರಹ ಚಿತ್ರವನ್ನು 1:5,000 ಅಳತೆಯಲ್ಲಿ ಮುದ್ರಿಸಿದರೆ ಒಂದು ಎ3 ಹಾಳೆಯಲ್ಲಿ ಸುಮಾರು 2.1 × 1.5 ಕಿ.ಮೀ. ಹಿಡಿಯುತ್ತದೆ. ಮೇಲಿನಿಂದ ತೆಗೆದ ಚಿತ್ರ ಕೆಲವರಿಗೆ ಗುರುತೇ ಸಿಗುವುದಿಲ್ಲ, ಅಂಥವರ ಜೊತೆ ನಡೆದೇ ಹೋಗಬೇಕು.

ದೋಣಿಯಲ್ಲೂ ಒಂದು ಸುತ್ತು ಹಾಕಿ. ನೆಲದವರು ಹೆಸರಿಡದ ಕಲ್ಲಿಗೆ ಮೀನುಗಾರರಲ್ಲಿ ಹೆಸರಿರುತ್ತದೆ, ಒಂದೇ ಬಂಡೆಗೆ ಎರಡು ಕಡೆಯವರು ಎರಡು ಹೆಸರು ಹೇಳುವುದೂ ಉಂಟು. ಯಾವುದು "ಸರಿ" ಅಂತ ತೀರ್ಮಾನಿಸಲು ಹೋಗಬೇಡಿ, ಪಟ್ಟಿಯಲ್ಲಿ ಹೆಸರಿಗೊಂದರಂತೆ ಎರಡು ಸಾಲು ಬರೆಯಿರಿ. ಹತ್ತಿರ ಹೋಗಲಾಗದ ಬಂಡೆಗೆ ಎರಡು ಜಾಗದಿಂದ ದಿಕ್ಸೂಚಿ ಕೋನ ತೆಗೆಯಿರಿ. ಆ ಎರಡು ದಿಕ್ಕಿಗೆ ಚಿತ್ರದ ಮೇಲೆ ಗೆರೆ ಎಳೆದರೆ ಅವು ಕೂಡುವಲ್ಲಿ ಬಂಡೆ ಇರುತ್ತದೆ. ಗೆರೆಗಳು 90 ಡಿಗ್ರಿಯ ಆಸುಪಾಸಿನಲ್ಲಿ ಕೂಡಿದರೆ ಒಳ್ಳೆಯದು, 30ಕ್ಕಿಂತ ಕಡಿಮೆಯಾದರೆ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನದಲ್ಲಿ ಇಳಿತ ಹೆಚ್ಚು, ಮುಳುಗಿರುವ ಬಂಡೆಗಳು ಆಗಲೇ ಕಾಣುವುದು. ತಾರೀಕು, ಗಂಟೆ ಬರೆದಿಡಿ.

ಇನ್ನು ಉಚ್ಚಾರಣೆ. ಹೆಸರನ್ನು ಬಿಡಿಯಾಗಿ ಎರಡು ಸಲ, ವಾಕ್ಯದಲ್ಲಿ ಒಂದು ಸಲ ಹೇಳಿಸಿ ಧ್ವನಿಮುದ್ರಿಸಿ. ಮೈಕಿಗೆ ಗಾಳಿತಡೆ ಇಲ್ಲದಿದ್ದರೆ ಕಡಲ ಗಾಳಿಯಲ್ಲಿ ಲ, ಳ ಬೇರೆಯಾಗಿ ಕೇಳಿಸುವುದೇ ಇಲ್ಲ. ಬಿಡಿಯಾಗಿ ಹೇಳಿಸುವುದು ಯಾಕೆ ಅಂದರೆ, ಮಾತಿನಲ್ಲಿ ಹೆಸರಿಗೆ "ಅಲ್ಲಿ", "ಅಲ್ಲಿಗೆ" ಅಂಟಿಕೊಂಡೇ ಬರುತ್ತದೆ, ಭಾಷೆ ಬಾರದವರು ಅದನ್ನೂ ಸೇರಿಸಿ ಬರೆದುಕೊಳ್ಳುತ್ತಾರೆ. ಗ್ರೀಸಿನ ಕೋಸ್ ದ್ವೀಪ ತುರ್ಕಿ ಭಾಷೆಯಲ್ಲಿ ಇಸ್ತಾನ್‌ಕೋಯ್ ಆದದ್ದು ಹೀಗೇ, "ಕೋಸ್‌ಗೆ" ಎಂಬ ಗ್ರೀಕ್ ಮಾತು ಇಡಿಯಾಗಿ ಹೆಸರಾಯಿತು. ಕೇಳಿಸಿದ್ದನ್ನೇ ಬರೆಯಿರಿ, ನಿಘಂಟು ನೋಡಿ ತಿದ್ದಬೇಡಿ. ಹೆಸರಿನ ಅರ್ಥ, ಕಥೆ ಬೇರೆ ಕಾಲಮ್ಮಿಗೆ. ಹೇಳಿದವರ ವಯಸ್ಸು, ಕಸುಬು ಸಾಕು. ಸಮಾಧಿ, ಹಕ್ಕಿಗೂಡಿನ ಜಾಗಗಳನ್ನು ಎಲ್ಲರಿಗೂ ಕಾಣುವಂತೆ ಹಾಕಬಹುದೇ ಅಂತ ಅವರನ್ನೇ ಕೇಳಿ.

ಹಳೆ ನಕ್ಷೆ ಕೊನೆಗೆ. ಮೊದಲು ಅದರ ಅಂಚು ಓದಿ: ರೇಖಾಂಶ ಎಲ್ಲಿಂದ ಎಣಿಸಿದ್ದು? ಪ್ಯಾರಿಸ್ಸಿನಿಂದ ಎಣಿಸಿದ್ದಾದರೆ, ಈಗ ಎಲ್ಲರೂ ಎಣಿಸುವ ಗ್ರೀನಿಚ್‌ಗಿಂತ 2°20′14″ ವ್ಯತ್ಯಾಸ ಬರುತ್ತದೆ. ಆಳ ಫ್ಯಾದಮ್‌ನಲ್ಲಿದ್ದರೆ ಒಂದಕ್ಕೆ 1.83 ಮೀಟರ್. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಹಳೆ ನಕ್ಷೆಯನ್ನು ಇಂದಿನ ಜಾಗಕ್ಕೆ ಹೊಂದಿಸುವಾಗ ಮರಳು ದಡವನ್ನು ಗುರುತಾಗಿ ಹಿಡಿಯಬೇಡಿ, ಅದು ಸರಿಯುತ್ತಿರುತ್ತದೆ. ಗಟ್ಟಿ ಬಂಡೆ, ದೀಪಸ್ತಂಭದ ಬುಡ, ಹಳೆ ಬಾವಿ ಹುಡುಕಿ. ಹೊಂದಿಸುವ ವಿಧಾನ ಯಾವುದು ಅಂತ ತಂತ್ರಾಂಶ ಕೇಳಿದಾಗ ಲೀನಿಯರ್ ಅಲ್ಲ, ಮೊದಲ ದರ್ಜೆಯ ಪಾಲಿನಾಮಿಯಲ್ ಬಳಸಿ. ಅದಕ್ಕೆ ಇಂಥ ಮೂರೇ ಗುರುತಿನ ಬಿಂದು ಸಾಕು, ಆದರೆ ಮೂರೇ ಕೊಟ್ಟರೆ ದೋಷ ಯಾವಾಗಲೂ ಸೊನ್ನೆ ಅಂತಲೇ ತೋರಿಸುತ್ತದೆ. ಎಂಟು ಹತ್ತು ಕೊಟ್ಟ ಮೇಲೆ ಬರುವ ದೋಷವೇ ನಿಜವಾದದ್ದು.