ಮೋಡಲ್ ಆದಮೇಲೆ ಫ್ರೇಸಲ್ ವರ್ಬ್ ಬಂದರೆ ವಾಕ್ಯ ಯಾಕೆ ತಪ್ಪುತ್ತದೆ?

ನಮ್ಮ ‘ಬಹುದು’, ‘ಬೇಕು’ಗಳ ಹಾಗೆ ಕ್ರಿಯಾಪದದ ಜೊತೆಗೆ ಬರುವ ಕ್ಯಾನ್, ಶುಡ್, ವಿಲ್ ಥರದ ಮೋಡಲ್‌ಗಳ ಮುಂದೆ ‘ಗಿವ್ ಅಪ್’ (ಬಿಟ್ಟುಬಿಡು), ‘ಟರ್ನ್ ಆಫ್’ನಂಥ ಫ್ರೇಸಲ್ ವರ್ಬ್, ಅಂದರೆ ಕ್ರಿಯಾಪದಕ್ಕೆ ಪುಟ್ಟ ಪದ ಸೇರಿದ ಜೋಡಿ, ಬಂದಾಗಲೆಲ್ಲ ತಪ್ಪುತ್ತೇನೆ, ಯಾಕೆ ಅಂತ ಕೇಳಿದ್ದೀರಿ. ಜೊತೆಗೆ ಮೂರು ವಾಕ್ಯ ಕೊಟ್ಟಿದ್ದೀರಿ: ‘ಹಿ ಶುಡ್ ಗಿವ್ಸ್ ಅಪ್ ಸ್ಮೋಕಿಂಗ್’, ‘ಕ್ಯಾನ್ ಯೂ ಟರ್ನ್ ಆಫ್ ಇಟ್’, ‘ಐ ವಿಲ್ ಲುಕ್ ಹರ್ ಆಫ್ಟರ್’. ಮೂರೂ ತಪ್ಪೇ, ಆದರೆ ಮೂರಕ್ಕೂ ಕಾರಣ ಬೇರೆ ಬೇರೆ.

ಮೊದಲನೆಯದಕ್ಕೆ ಉತ್ತರ ನಿಮ್ಮ ನಾಲಿಗೆಯ ಮೇಲೇ ಇದೆ. ‘ನಾನು ಬಿಟ್ಟುಬಿಡಬೇಕು, ಅವನು ಬಿಟ್ಟುಬಿಡಬೇಕು, ಅವರೆಲ್ಲ ಬಿಟ್ಟುಬಿಡಬೇಕು’ ಎಂದು ಒಮ್ಮೆ ಹೇಳಿ ನೋಡಿ. ಆಳು ಬದಲಾದರೂ ಕ್ರಿಯಾಪದ ಅಲ್ಲಾಡಲಿಲ್ಲ. ‘ಬಿಡುತ್ತೇನೆ, ಬಿಡುತ್ತಾನೆ, ಬಿಡುತ್ತಾರೆ’ ಎನ್ನುವಾಗ ಇದ್ದ ಪ್ರತ್ಯಯಗಳು ‘ಬೇಕು’ ಬಂದ ಕೂಡಲೇ ಉದುರಿಹೋದವು. ಇಂಗ್ಲಿಷ್ ಮೋಡಲ್ ಮಾಡುವುದೂ ಇದನ್ನೇ. ‘ಹಿ ಗಿವ್ಸ್ ಅಪ್’ನಲ್ಲಿರುವ ‘ಎಸ್’ ಶುಡ್ ಬಂದಮೇಲೆ ಇರಬಾರದು: ‘ಹಿ ಶುಡ್ ಗಿವ್ ಅಪ್ ಸ್ಮೋಕಿಂಗ್’. ‘ಮಸ್ಟ್ ಟು ಗಿವ್ ಅಪ್’ ಇಲ್ಲ, ‘ಕ್ಯಾನ್ ಗಿವಿಂಗ್ ಅಪ್’ ಇಲ್ಲ. ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್ ಈ 9ಕ್ಕೂ ಒಂದೇ ನಿಯಮ. ‘ಹ್ಯಾವ್ ಟು’, ‘ಆಟ್ ಟು’ ಮಾತ್ರ ತಮ್ಮ ‘ಟು’ವನ್ನು ತಾವೇ ಹೊತ್ತು ತರುತ್ತವೆ.

ಇನ್ನು ‘ಗಿವ್’ಗೂ ‘ಅಪ್’ಗೂ ಬಿಡುವುದಕ್ಕೂ ಏನು ಸಂಬಂಧ ಅಂತ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ‘ಹೇಳಿಕೊಡು’ವನ್ನೇ ತೆಗೆದುಕೊಳ್ಳಿ. ಹೇಳುವುದೂ ಇದೆ, ಕೊಡುವುದೂ ಇದೆ, ಅರ್ಥ ಮಾತ್ರ ಕಲಿಸುವುದು. ‘ಹೇಳಿಕೊಡಬಹುದು’ ಎನ್ನುವಾಗ ‘ಬಹುದು’ ಇಡೀ ‘ಹೇಳಿಕೊಡು’ವಿಗೆ ಅಂಟುತ್ತದೆ. ಹಾಗೆಯೇ ಶುಡ್ ಕೂಡ ಬರೀ ‘ಗಿವ್’ಗೆ ಸೇರಿದ್ದಲ್ಲ, ಇಡೀ ‘ಗಿವ್ ಅಪ್’ಗೆ ಸೇರಿದ್ದು. ಹೀಗೆ ಕ್ರಿಯಾಪದದ ನಂತರ ಪುಟ್ಟ ಪದ ಸೇರಿ ಅರ್ಥ ಬದಲಾಗುವುದೇ ಹೊರಗಿನವರಿಗೆ ಅತಿ ಕಷ್ಟ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲೇ ತನ್ನ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲಿ ಬರೆದಿದ್ದ. ಆದ್ದರಿಂದ ನಿಮಗೆ ಕಷ್ಟವಾಗುತ್ತಿದೆ ಎಂದರೆ ನಿಮ್ಮಲ್ಲೇನೋ ಕೊರತೆ ಇದೆ ಅಂತ ಖಂಡಿತ ಅಲ್ಲ.

ಎರಡನೆಯದು, ‘ಟರ್ನ್ ಆಫ್ ಇಟ್’. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ದಿನನಿತ್ಯದ ಮಾತಿನಲ್ಲಿ ಅತಿ ಹೆಚ್ಚು ಎಡವುವುದು ಇಲ್ಲೇ. ಲೈಟ್ ಅಂತ ಹೆಸರು ಹಿಡಿದು ಹೇಳಿದರೆ ಎರಡೂ ಸರಿ: ‘ಕ್ಯಾನ್ ಯೂ ಟರ್ನ್ ಆಫ್ ದ ಲೈಟ್’, ‘ಕ್ಯಾನ್ ಯೂ ಟರ್ನ್ ದ ಲೈಟ್ ಆಫ್’. ಹೆಸರಿನ ಬದಲು ‘ಇಟ್’, ‘ದೆಮ್’, ‘ಹಿಮ್’ನಂಥ ಸರ್ವನಾಮ ಬಂತೋ, ಅದು ನಡುವೆಯೇ ಕೂರಬೇಕು: ‘ಕ್ಯಾನ್ ಯೂ ಟರ್ನ್ ಇಟ್ ಆಫ್’. ಇಲ್ಲಿ ಆಯ್ಕೆಯಿಲ್ಲ. ನಮಗೆ ಇನ್ನೊಂದು ತೊಡಕೂ ಇದೆ. ‘ಲೈಟ್ ಆಫ್ ಮಾಡಿ’ ಅಂದು ಅಂದು ‘ಆಫ್’ ಎನ್ನುವುದೇ ಕ್ರಿಯಾಪದ ಅನ್ನಿಸಿಬಿಟ್ಟಿದೆ. ಹಾಗಾಗಿ ‘ಕ್ಯಾನ್ ಯೂ ಆಫ್ ದ ಲೈಟ್’ ಎನ್ನುತ್ತೇವೆ. ಮೋಡಲ್‌ಗೆ ಕ್ರಿಯಾಪದವೇ ಬೇಕು. ‘ಮಾಡಿ’ಯ ಕೆಲಸಕ್ಕೆ ಅಲ್ಲಿ ‘ಟರ್ನ್’ ಇರಲೇಬೇಕು.

ಈ ನಡುವೆ ಕೂರುವ ಪದ ಕೇಳಿಸಿಕೊಳ್ಳುವಾಗಲೂ ಕೈಕೊಡುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತು, ಫೋನಿನಲ್ಲಿ ಮರುದಿನದ ಸಭೆಯ ಮಾತು ನಡೆದಿತ್ತು. ಆ ಕಡೆಯವರು ‘ವಿ ಮೈಟ್ ಕಾಲ್ ಇಟ್ ಆಫ್’ ಅಂದರು. ‘ಕಾಲ್ ಆಫ್’ ಎಂದರೆ ರದ್ದು ಮಾಡುವುದು ಅಂತ ನನಗೆ ಬಾಯಿಪಾಠವಾಗಿತ್ತು. ಆದರೆ ಅದು ಒಟ್ಟಾಗಿ ಬರಲಿಲ್ಲವಲ್ಲ. ‘ಕಾಲ್’ ಕಿವಿಗೆ ಬಿದ್ದದ್ದೇ ತಡ, ಫೋನ್ ಮಾಡಿ ತಿಳಿಸುತ್ತಾರೆ ಅಂದುಕೊಂಡೆ. ರಾತ್ರಿಯವರೆಗೆ ಫೋನ್ ಪಕ್ಕದಲ್ಲಿಟ್ಟುಕೊಂಡು ಕಾದೆ. ಬೆಳಿಗ್ಗೆ ತಯಾರಾಗಿ ಹೋದರೆ ಸಭೆಯೇ ಇಲ್ಲ. ಆಮೇಲೆ ಯೋಚಿಸಿದಾಗ ಹೊಳೆಯಿತು: ಕನ್ನಡದಲ್ಲಿ ನಾವು ಹೀಗೆ ಅವಸರ ಮಾಡುವುದೇ ಇಲ್ಲ. ‘ಬರ’ ಎಂದಮೇಲೆ ‘ಬಹುದು’ ಬರುತ್ತದೋ ‘ಬಾರದು’ ಬರುತ್ತದೋ ಅಂತ ಕಾಯುತ್ತೇವೆ. ಅದೇ ತಾಳ್ಮೆಯನ್ನು ಇಂಗ್ಲಿಷ್‌ನಲ್ಲಿ ‘ಅಪ್’, ‘ಆಫ್’, ‘ಔಟ್’ ಕೇಳಿಸುವ ತನಕ ಇಟ್ಟುಕೊಳ್ಳಬೇಕು. ಆಡುವಾಗ ಒತ್ತು ಬೀಳುವುದೂ ಆ ಕೊನೆಯ ಪದಕ್ಕೇ. ಮೋಡಲ್ ಮಾತ್ರ ಸವೆದುಹೋಗುತ್ತದೆ. ‘ಐ ಕ್ಯಾನ್ ಪಿಕ್ ಇಟ್ ಅಪ್’ ಎನ್ನುವುದು ಕಿವಿಗೆ ‘ಐ ಕನ್ ಪಿಕಿಟಪ್’ ಎಂದು ಬೀಳುತ್ತದೆ.

ನೀವು ಕೇಳಿಲ್ಲ, ಆದರೂ ಕಳೆದುಹೋದ ಕಾಲದ ಬಗ್ಗೆ ಒಂದು ಮಾತು. ‘ಆಫ್ ಮಾಡಬೇಕಿತ್ತು’ ಎನ್ನಲು ‘ಶುಡ್ ಟರ್ನ್ಡ್ ಇಟ್ ಆಫ್’ ಅಂತ ಬರೆಯುವವರಿದ್ದಾರೆ. ನಡುವೆ ‘ಹ್ಯಾವ್’ ಬೇಕು: ‘ಐ ಶುಡ್ ಹ್ಯಾವ್ ಟರ್ನ್ಡ್ ಇಟ್ ಆಫ್’. ‘ಇಂಕ್ ಮುಗಿದುಹೋಗಿರಬೇಕು’ ಎನ್ನಲು ‘ದ ಇಂಕ್ ಮಸ್ಟ್ ಹ್ಯಾವ್ ರನ್ ಔಟ್’. ‘ಹಿ’, ‘ಶಿ’ ಬಂದರೂ ಇಲ್ಲಿ ‘ಹ್ಯಾಸ್’ ಆಗುವುದಿಲ್ಲ, ಮೋಡಲ್ ಎದುರಿಗೇ ನಿಂತಿದೆ.

ಇನ್ನೊಂದು, ಯಾವ ಮೋಡಲ್ ಎನ್ನುವುದರ ಮೇಲೆ ಮಾತಿನ ಧಾಟಿಯೇ ಬದಲಾಗುತ್ತದೆ. ನಮ್ಮ ‘ಬೇಕು’ ಬಹಳ ಮೃದು. ‘ದಯವಿಟ್ಟು ಈ ಫಾರಂ ತುಂಬಿಕೊಡಬೇಕು’ ಎನ್ನುವುದು ವಿನಂತಿ. ಅದನ್ನೇ ‘ಯೂ ಮಸ್ಟ್ ಫಿಲ್ ಇನ್ ದಿಸ್ ಫಾರ್ಮ್’ ಎಂದರೆ ಕೇಳುವವರಿಗೆ ಅಪ್ಪಣೆಯಾಗುತ್ತದೆ. ಅಲ್ಲಿ ‘ಕುಡ್ ಯೂ ಫಿಲ್ ದಿಸ್ ಇನ್’ ಅನ್ನಿ. ಅಕ್ಕರೆಯಿಂದ ಮನೆಗೆ ಕರೆಯುವಾಗ ಮಾತ್ರ ‘ಯೂ ಮಸ್ಟ್ ಕಮ್ ಓವರ್’ ತುಂಬ ಚೆನ್ನಾಗಿ ಒಪ್ಪುತ್ತದೆ.

ಕೊನೆಗೆ ನಿಮ್ಮ ಮೂರನೆಯ ವಾಕ್ಯ. ಸರ್ವನಾಮ ನಡುವೆ ಬರಬೇಕು ಅಂತ ಎಲ್ಲೋ ಓದಿ ‘ಲುಕ್ ಹರ್ ಆಫ್ಟರ್’ ಮಾಡಿದ್ದೀರಿ ಅನ್ನಿಸುತ್ತದೆ. ಆದರೆ ಕೆಲವು ಜೋಡಿಗಳನ್ನು ಒಡೆಯಲು ಬರುವುದಿಲ್ಲ: ‘ಲುಕ್ ಆಫ್ಟರ್’, ‘ಲುಕ್ ಫಾರ್’, ‘ರನ್ ಇಂಟು’, ‘ಗೆಟ್ ಓವರ್’. ‘ಪುಟ್ ಅಪ್ ವಿತ್’ನಂಥ ಮೂರು ಪದದವುಗಳಲ್ಲೂ ಸರ್ವನಾಮ ಕೊನೆಗೇ ಬರುತ್ತದೆ: ‘ಐ ಕಾಂಟ್ ಪುಟ್ ಅಪ್ ವಿತ್ ಇಟ್’. ಯಾವುದು ಒಡೆಯುತ್ತದೆ, ಯಾವುದು ಇಲ್ಲ ಅಂತ ಊಹಿಸುತ್ತಾ ಕೂರಬೇಡಿ. ಕಲಿಯುವವರಿಗೆಂದೇ ಮಾಡಿದ ನಿಘಂಟು ತೆರೆಯಿರಿ. ‘ಟರ್ನ್ ಸಮ್‌ಥಿಂಗ್ ಆಫ್’ ಎಂದು ‘ಸಮ್‌ಥಿಂಗ್’ ನಡುವೆ ಇದ್ದರೆ ಒಡೆಯಬಹುದು. ‘ಲುಕ್ ಆಫ್ಟರ್ ಸಮ್‌ಬಡಿ’ ಎಂದು ಕೊನೆಗಿದ್ದರೆ ಕೈ ಹಚ್ಚಬೇಡಿ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಾಗ ನಾನು ಬರೀ ‘ಟರ್ನ್ ಆಫ್’ ಅಂತ ಬರೆಯುವುದಿಲ್ಲ, ಮೋಡಲ್, ಸರ್ವನಾಮ ಎರಡನ್ನೂ ಸೇರಿಸಿ ‘ಕ್ಯಾನ್ ಯೂ ಟರ್ನ್ ಇಟ್ ಆಫ್’ ಎಂದೇ ಬರೆಯುತ್ತೇನೆ. ಅದರ ಕೆಳಗೆ ನೀವು ‘ಐ ವಿಲ್ ಲುಕ್ ಆಫ್ಟರ್ ಹರ್’ ಬರೆದುಕೊಳ್ಳಿ.