ಬೆಂಗಳೂರಿನಿಂದ ಹೋಗಿ ಯೂರೋಪಿನಲ್ಲಿ ಮೊದಲ ಸಲ ದೂರದ ಸೈಕಲ್ ಪ್ರವಾಸ ಮಾಡಬೇಕು. ಯಾವ ದಾರಿ ಒಳ್ಳೆಯದು? ಸ್ವಂತ ಸೈಕಲ್ ಒಯ್ಯಬೇಕಾ?

ಡ್ಯಾನ್ಯೂಬ್ ನದಿಯ ದಾರಿ ಹಿಡಿಯಿರಿ. ಜರ್ಮನಿಯ ಪಸ್ಸೌ ಊರಿನಿಂದ ಆಸ್ಟ್ರಿಯಾದ ವಿಯೆನ್ನಾಕ್ಕೆ ಸುಮಾರು 300 ಕಿ.ಮೀ. ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗಿನ ಯೂರೋವೆಲೋ 6 ಎಂಬ ಸೈಕಲ್ ಮಾರ್ಗದ ಒಂದು ತುಣುಕು ಇದು. ಬಹುಪಾಲು ಸಮತಟ್ಟು, ಕಾರುಗಳ ಕಾಟ ಕಡಿಮೆ. ನದಿ ಹರಿಯುವ ಕಡೆಗೇ, ಅಂದರೆ ಪೂರ್ವಕ್ಕೆ ಹೋಗಿ. ಅಲ್ಲಿ ಪಶ್ಚಿಮದ ಗಾಳಿ ಜಾಸ್ತಿ, ಹಿಂದಿನಿಂದ ತಳ್ಳುತ್ತದೆ. ದಿನಕ್ಕೆ 50 ಕಿ.ಮೀ. ತುಳಿದರೆ ವಾರ ಸಾಕು.

ಇಷ್ಟಕ್ಕೆ ಸ್ವಂತ ಸೈಕಲ್ ಬೇಡ. ಪಸ್ಸೌನಲ್ಲೇ ಬಾಡಿಗೆಗೆ ಸಿಗುತ್ತದೆ. ತಿಂಗಳುಗಟ್ಟಲೆ ಸುತ್ತುವುದಾದರೆ ಮಾತ್ರ ಡಬ್ಬಕ್ಕೆ ತುಂಬಿ ವಿಮಾನ ಹತ್ತಿಸಿ. ಪೆಡಲ್ ಬಿಚ್ಚುವಾಗ ನೆನಪಿರಲಿ, ಎಡಗಡೆಯದರ ತಿರುಪು ಉಲ್ಟಾ. ವಿಮಾನಕ್ಕೆ ತೂಕದ ಜೊತೆ ಡಬ್ಬದ ಅಳತೆಯೂ ಮುಖ್ಯ, ಟಿಕೆಟ್ ಕೊಳ್ಳುವ ಮೊದಲೇ ಕೇಳಿ.

ತಯಾರಿಗೆ ಎಲ್ಲರೂ ನಂದಿ ಬೆಟ್ಟ ಹತ್ತಿ ಅಂತಾರೆ. ನನಗದು ಅಷ್ಟು ಒಪ್ಪಿಗೆಯಿಲ್ಲ. ಈ ದಾರಿಯಲ್ಲಿ ಕಷ್ಟ ಏರು ಅಲ್ಲ, ಮರುದಿನ ಮತ್ತೆ ಅದೇ ಸೀಟಿನ ಮೇಲೆ ಕೂರುವುದು. ಹಾಗಾಗಿ ಸಾಮಾನು ಕಟ್ಟಿಕೊಂಡು ಕನಕಪುರ, ಮಳವಳ್ಳಿ ಮೇಲೆ ಮೈಸೂರಿಗೆ ಎರಡು ದಿನದಲ್ಲಿ ಹೋಗಿ ನೋಡಿ. ದಾರಿಯಲ್ಲಿ ಇಡ್ಲಿಗೇನೂ ಬರವಿಲ್ಲ.

ಜರ್ಮನಿ, ಆಸ್ಟ್ರಿಯಾ ಸೇರಿ ಯೂರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕೇ ಬೇಕು. ಮತ್ತೆ, ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಹೋಗುತ್ತವೆ. ಬೆಳಗ್ಗೆ ಹೊರಡುವಾಗಲೇ ಜಾಸ್ತಿ ಎಚ್ಚರ ಬೇಕು, ಖಾಲಿ ರಸ್ತೆ ಕಂಡರೆ ಸುಮ್ನೆ ಎಡಕ್ಕೆ ಹೋಗಿಬಿಡ್ತೀವಿ ಅಲ್ವಾ!