ಯುದ್ಧದಲ್ಲಿ ಇದ್ದವರೇ ಬರೆದದ್ದನ್ನು ಓದಬೇಕು, ಎಲ್ಲಿಂದ ಶುರು ಮಾಡಲಿ?

ಮೊದಲ ಮಹಾಯುದ್ಧದ ಬಗ್ಗೆ ಬರೆದ ಎರಿಕ್ ಮರಿಯಾ ರೆಮಾರ್ಕ್‌ನಿಂದ ಶುರು ಮಾಡಿ. ಜರ್ಮನ್ ಸೈನಿಕನಾಗಿದ್ದ ಅವನು 1917ರಲ್ಲಿ ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಗಾಯಗೊಂಡ, ಅವನ ಕಾದಂಬರಿ ‘ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್’ ಪುಸ್ತಕವಾಗಿ ಬಂದದ್ದು 1929ರಲ್ಲಿ. ನಮ್ಮ ಕಾಸರಗೋಡಿನ ಕಡೆ ತಾಳಮದ್ದಳೆಯಲ್ಲಿ ಕರ್ಣಪರ್ವ ಕೇಳಿ ಬೆಳೆದವರಿಗೆ ಯುದ್ಧ ಅಂದ್ರೆ ವೀರರ ವಾದ, ಅಲ್ವಾ? ಕಂದಕದಲ್ಲಿ ಕೂತವನು ಬರೆಯುವುದು ಇಲಿ, ಹೇನು, ಹಸಿವು. ಆ ಕಾದಂಬರಿಯಲ್ಲಿ ಒಂದು ಜೊತೆ ಬೂಟಿನ ಕಥೆ ಬರುತ್ತದೆ. ಕಾಲು ಕತ್ತರಿಸಿದ ಹುಡುಗ ಆಸ್ಪತ್ರೆಯಲ್ಲಿ ಇನ್ನೂ ಉಸಿರಾಡುತ್ತಿರುವಾಗಲೇ ಗೆಳೆಯನ ಕಣ್ಣು ಅವನ ಒಳ್ಳೆಯ ಬೂಟಿನ ಮೇಲೆ, ಅದು ದುರಾಸೆಯಲ್ಲ, ಅಲ್ಲಿ ಬದುಕುವ ರೀತಿಯೇ ಹಾಗೆ. ಆಮೇಲೆ ಆ ಗೆಳೆಯನೂ ಸಾಯುತ್ತಾನೆ, ಬೂಟು ಇನ್ನೊಬ್ಬನಿಗೆ. ದೂರದಿಂದ ನೋಡಿ ಬರೆಯುವವರಿಗೆ ಇದು ಹೊಳೆಯುವುದು ಕಷ್ಟ.

ಕವಿತೆ ಬೇಕಾದರೆ ಅದೇ ಯುದ್ಧದಲ್ಲಿ ಹೋರಾಡಿದ ಇಂಗ್ಲಿಷ್ ಕವಿ ವಿಲ್ಫ್ರೆಡ್ ಓವನ್. 1918ರ ನವೆಂಬರ್ 4ರಂದು, ಯುದ್ಧ ನಿಲ್ಲಲು ಒಂದೇ ವಾರ ಇರುವಾಗ ಬಲಿಯಾದ. ಹೆಚ್ಚಿನ ಕವಿತೆಗಳು ಅಚ್ಚಾದದ್ದು ಆಮೇಲೆಯೇ.